ಊಟದ ಟೇಬಲ್ಲಿನ ಜಗಳ: ಅಮೆರಿಕದಲ್ಲಿ ‘ರೇಸಿಸ್ಟ್’ ಯಾರು?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಾಲ್ಕು ತಿಂಗಳಿಂದ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮಗ, ಸೊಸೆ ಇಬ್ಬರಿಗೂ ಅಲ್ಲಿನ ಪೌರತ್ವ ಸಿಕ್ಕಿದೆ. ಮಗ ರಿಪಬ್ಲಿಕನ್ ಕಡೆ, ಸೊಸೆ ಡೆಮಾಕ್ರಟ್ ಕಡೆ. ರಾತ್ರಿ ಊಟಕ್ಕೆ ಕೂತರೆ ಶುರು. ‘ನಿಮ್ಮದು ರೇಸಿಸ್ಟ್ ಪಾರ್ಟಿ’ ಅಂತ ಸೊಸೆ. ‘ಗುಲಾಮಗಿರಿ ಬೇಕು ಅಂದಿದ್ದು ನಿಮ್ಮ ಪಾರ್ಟಿ, ಈಗ ಬಣ್ಣ ಎಣಿಸಿ ಐಡೆಂಟಿಟಿ ಪಾಲಿಟಿಕ್ಸ್ ಮಾಡೋದೂ ನಿಮ್ಮ ಪಾರ್ಟಿ’ ಅಂತ ಮಗ. ಧರ್ಮದ ಮಾತು ಬಂದರೆ ಇನ್ನೂ ಜೋರು. ಯಾರದು ಸರಿ? ಇದರಲ್ಲಿ ನಮ್ಮವರ ಜಾಗ ಎಲ್ಲಿ? ಇನ್ನೊಂದು ಚಿಕ್ಕ ವಿಷಯ. ಮೊಮ್ಮಗಳ ಶಾಲೆಯ ಫಾರಂನಲ್ಲಿ ‘ರೇಸ್’ ಅಂತ ಒಂದು ಕಾಲಂ ಇದೆ. ತುಂಬಬೇಕು ಅನ್ನುತ್ತಾಳೆ ಸೊಸೆ, ಖಾಲಿ ಬಿಡಬೇಕು ಅನ್ನುತ್ತಾನೆ ಮಗ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ನಗು ಬಂತು, ಕ್ಷಮಿಸಿ. ನಾನೂ ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನು. ಅಮೆರಿಕದ ಪಕ್ಷಗಳ ಅಧ್ಯಾಯ ಬಂದಾಗೆಲ್ಲ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತಿತ್ತು. “ಸಾರ್, ಲಿಂಕನ್ ರಿಪಬ್ಲಿಕನ್ ಅಂತೀರಿ. ಕಪ್ಪು ಜನ ಡೆಮಾಕ್ರಟ್‌ಗೆ ಓಟು ಹಾಕ್ತಾರೆ ಅಂತೀರಿ. ಅದು ಹೇಗೆ?” ನಿಮ್ಮ ಮಗ ಎತ್ತಿರುವುದೂ ಅದೇ ಕೈ. ಫಾರಂ ವಿಷಯ ಕೊನೆಗೆ ಹೇಳುತ್ತೇನೆ. ಚಿಕ್ಕದು ಅಂದಿರಿ, ಅಷ್ಟೇನೂ ಚಿಕ್ಕದಲ್ಲ ಅದು.

ಮಗ, ಸೊಸೆ ಇಬ್ಬರೂ ‘ರೇಸಿಸಂ’ ಅನ್ನುತ್ತಾರೆ. ಪದ ಒಂದು, ಮನಸ್ಸಿನಲ್ಲಿರುವ ಅರ್ಥ ಎರಡು. ಮಗನಿಗೆ ಅದು ಮನುಷ್ಯನ ಒಳಗಿನ ವಿಷ. ಬಣ್ಣ ನೋಡಿ ಇನ್ನೊಬ್ಬನನ್ನು ಕೀಳಾಗಿ ಕಂಡರೆ ರೇಸಿಸ್ಟ್, ಕಾಣದಿದ್ದರೆ ಅಲ್ಲ. ಸೊಸೆಗೆ ಅದು ಕಾನೂನು, ಬ್ಯಾಂಕು, ಪೊಲೀಸ್ ಠಾಣೆ ನಡೆಯುವ ರೀತಿ. ಯಾರ ಮನಸ್ಸಿನಲ್ಲೂ ವಿಷ ಇಲ್ಲದೆ ಇರಬಹುದು. ಆದರೂ ಏಟು ಮತ್ತೆ ಮತ್ತೆ ಒಂದೇ ಬಣ್ಣದವರ ಬೆನ್ನಿಗೆ ಬೀಳುತ್ತಿದ್ದರೆ ಅದು ರೇಸಿಸಂ. ಹೀಗಾಗಿ ಸೊಸೆ ಕಾನೂನನ್ನು ಬೈದರೆ ಮಗನಿಗೆ ‘ನೀನು ಕೆಟ್ಟವನು’ ಅಂತ ಕೇಳಿಸುತ್ತದೆ. ನಮ್ಮ ಕನ್ನಡದಲ್ಲಿ ಇದಕ್ಕೆ ಎರಡು ಪದ ಇವೆ. ದ್ವೇಷ ಬೇರೆ, ಭೇದ ಬೇರೆ. ದ್ವೇಷಕ್ಕೆ ಒಂದು ಮನಸ್ಸು ಬೇಕು. ಭೇದಕ್ಕೆ ಒಂದು ಕಟ್ಟಳೆ ಸಾಕು. ಒಂದು ರಾತ್ರಿ ಊಟಕ್ಕೆ ಕೂತಾಗ ‘ರೇಸಿಸಂ’ ಅನ್ನುವ ಪದವನ್ನೇ ನಿಷೇಧ ಮಾಡಿ, ಈ ಎರಡು ಪದಗಳಲ್ಲಿ ಮಾತಾಡಲು ಹೇಳಿ ನೋಡಿ. ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ. ಉಳಿದ ಅರ್ಧ ನಿಜವಾದ ಜಗಳ.

ಕಟ್ಟಳೆ ಹೇಗೆ ಭೇದ ಮಾಡುತ್ತದೆ ಅನ್ನುವುದಕ್ಕೆ ನಾನು ಕ್ಲಾಸಿನಲ್ಲಿ ಕೊಡುತ್ತಿದ್ದ ಉದಾಹರಣೆ 1986ರ ಮಾದಕ ವಸ್ತು ಕಾನೂನಿನದು. ಕೊಕೇನ್ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಬಿಳಿ ಪುಡಿ. ಇನ್ನೊಂದು ಅದನ್ನೇ ಸೋಡಾ ಹಾಕಿ ಕಾಸಿ ಮಾಡಿದ ಗಟ್ಟಿ, ಅದರ ಹೆಸರು ಕ್ರ್ಯಾಕ್. ಪುಡಿ ದುಬಾರಿ. ಕ್ರ್ಯಾಕ್ ಸಣ್ಣ ಸಣ್ಣ ತುಂಡಾಗಿ ಅಗ್ಗಕ್ಕೆ ಸಿಗುತ್ತಿತ್ತು, ಬಡ ಕೇರಿಗಳಿಗೆ ಹೊಕ್ಕಿತ್ತು. 1986ರ ಜೂನ್‌ನಲ್ಲಿ ಲೆನ್ ಬಯಾಸ್ ಅನ್ನುವ ಬ್ಯಾಸ್ಕೆಟ್‌ಬಾಲ್ ಆಟಗಾರ ಕೊಕೇನ್‌ನಿಂದ ಸತ್ತ. ದೇಶವೇ ಬೆಚ್ಚಿತು. ಚುನಾವಣೆ ಹತ್ತಿರ ಇತ್ತು. ಕೆಲವೇ ತಿಂಗಳಲ್ಲಿ ಕಾನೂನು ಬಂತು. 500 ಗ್ರಾಂ ಪುಡಿ ಮಾರಿ ಸಿಕ್ಕಿಬಿದ್ದವನಿಗೆ ಕನಿಷ್ಠ 5 ವರ್ಷ ಜೈಲು. ಕ್ರ್ಯಾಕ್ ಆದರೆ? ಬರೀ 5 ಗ್ರಾಂಗೆ ಅಷ್ಟೇ ಶಿಕ್ಷೆ. ನೂರಕ್ಕೆ ಒಂದು. ಕಾನೂನಿನಲ್ಲಿ ಬಣ್ಣದ ಸುದ್ದಿಯೇ ಇಲ್ಲ. ಆದರೆ ಕೇಂದ್ರ ನ್ಯಾಯಾಲಯಗಳಲ್ಲಿ ಕ್ರ್ಯಾಕ್ ಕೇಸಿನಲ್ಲಿ ಶಿಕ್ಷೆಯಾದವರಲ್ಲಿ ವರ್ಷಗಟ್ಟಲೆ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನ ಕಪ್ಪು ಜನಾಂಗದವರೇ.

ಈಗ ಪಕ್ಷ ನೋಡಿ. ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ರೇಗನ್. ಆಗ ಕೆಳಮನೆ ಡೆಮಾಕ್ರಟರ ಕೈಯಲ್ಲಿತ್ತು, ಕಾನೂನಿಗೆ ಅವಸರ ಮಾಡಿದ್ದು ಅವರ ಸ್ಪೀಕರ್ ಟಿಪ್ ಓನೀಲ್. ಮೇಲ್ಮನೆ ಸೆನೆಟ್‌ನಲ್ಲಿ ಅದರ ಪರ ನಿಂತವರಲ್ಲಿ ಜೋ ಬೈಡನ್ ಕೂಡ ಒಬ್ಬರು. ಆಮೇಲೆ ಅದು ತಪ್ಪಾಯಿತು ಅಂತ ಅವರೇ ಒಪ್ಪಿಕೊಂಡರು. ತಮ್ಮ ಕೇರಿಗಳು ಹಾಳಾಗುತ್ತಿವೆ ಅಂತ ಕಪ್ಪು ಜನಪ್ರತಿನಿಧಿಗಳಲ್ಲೂ ಕೆಲವರು ಬೆಂಬಲಿಸಿದ್ದರು. 2010ರಲ್ಲಿ ಒಬಾಮ ಕಾಲದಲ್ಲಿ ನೂರರ ಅಂತರ 18ಕ್ಕೆ ಇಳಿಯಿತು. ಅದಕ್ಕೂ ಮೊದಲು ಒಳಗೆ ಹೋದವರಿಗೆ ಅದರ ಲಾಭ ಸಿಕ್ಕಿದ್ದು 2018ರಲ್ಲಿ, ಟ್ರಂಪ್ ಸಹಿ ಹಾಕಿದ ಕಾನೂನಿನಿಂದ. ಕಟ್ಟಿದವರೂ ಎರಡು ಕಡೆಯವರು, ಬಿಚ್ಚಿದವರೂ ಎರಡು ಕಡೆಯವರು. ಇಷ್ಟು ಸ್ಪಷ್ಟ ಉದಾಹರಣೆ ಇದ್ದರೂ ಈ ಕಥೆಯನ್ನು ಪೂರ್ತಿಯಾಗಿ ಯಾವ ಪಕ್ಷವೂ ಭಾಷಣದಲ್ಲಿ ಹೇಳುವುದಿಲ್ಲ. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ ಅಲ್ವಾ?

ಇನ್ನು ‘ಗುಲಾಮಗಿರಿ ಬೇಕು ಅಂದಿದ್ದು ನಿಮ್ಮ ಪಾರ್ಟಿ’ ಅನ್ನುವ ಮಗನ ಮಾತು. 1964ರವರೆಗೆ ಅದು ಬಹುಪಾಲು ನಿಜ. 1854ರಲ್ಲಿ ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡಬಾರದು ಅಂತಲೇ ಹುಟ್ಟಿದ ಪಕ್ಷ ರಿಪಬ್ಲಿಕನ್. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ನಲ್ಲಿ, ಬೇರೆ ಶಾಲೆ, ಬಸ್ಸಿನ ಹಿಂದಿನ ಸೀಟು ಅಂತ ಕಟ್ಟು ಮಾಡಿದವರು ಡೆಮಾಕ್ರಟರು. 1913ರಲ್ಲಿ ವುಡ್ರೋ ವಿಲ್ಸನ್ ಅಧ್ಯಕ್ಷರಾಗಿ ಬಂದ ಮೇಲೆ ಕೇಂದ್ರ ಸರ್ಕಾರದ ಕಚೇರಿಗಳಲ್ಲೂ ಕಪ್ಪು ಗುಮಾಸ್ತರನ್ನು ಬೇರೆ ಕೂರಿಸಿದರು. ವಿಲ್ಸನ್ ಡೆಮಾಕ್ರಟ್. 1964ರ ನಾಗರಿಕ ಹಕ್ಕು ಕಾನೂನಿಗೆ ಸೆನೆಟ್‌ನಲ್ಲಿ 33 ರಿಪಬ್ಲಿಕನ್ನರಲ್ಲಿ 27 ಮಂದಿ ಹೌದು ಅಂದರು. 67 ಡೆಮಾಕ್ರಟರಲ್ಲಿ ಹೌದು ಅಂದವರು 46. ಲೆಕ್ಕ ಮಗನ ಕಡೆಗೇ ಇದೆ.

ಆದರೆ ಸಿನಿಮಾ ಇಂಟರ್‌ವಲ್‌ಗೆ ನಿಲ್ಲಿಸಬಾರದು. ಆ ಕಾನೂನಿಗೆ ಸಹಿ ಹಾಕಿದ್ದು ಡೆಮಾಕ್ರಟ್ ಅಧ್ಯಕ್ಷ ಜಾನ್ಸನ್, ಅದೂ ದಕ್ಷಿಣದ ಟೆಕ್ಸಾಸ್‌ನವರು. ಬೇಡ ಅಂದ ಆರು ರಿಪಬ್ಲಿಕನ್ ಸೆನೆಟರುಗಳಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಒಬ್ಬರು. ಅದೇ ವರ್ಷ ಅವರೇ ಪಕ್ಷದ ಅಧ್ಯಕ್ಷ ಅಭ್ಯರ್ಥಿ. ದೇಶದ ತುಂಬ ಸೋತರು, ಗೆದ್ದಿದ್ದು ಬರೀ ಆರು ರಾಜ್ಯ. ಒಂದು ಅವರ ಸ್ವಂತ ಅರಿಜೋನಾ. ಉಳಿದ ಐದೂ ಆಳ ದಕ್ಷಿಣದವು: ಮಿಸಿಸಿಪ್ಪಿ, ಅಲಬಾಮ, ಜಾರ್ಜಿಯಾ, ಲೂಸಿಯಾನಾ, ಸೌತ್ ಕೆರೊಲಿನಾ. ತಲೆತಲಾಂತರದಿಂದ ಡೆಮಾಕ್ರಟ್‌ಗೆ ಓಟು ಹಾಕುತ್ತಿದ್ದ ಬಿಳಿಯರು ಅವತ್ತು ಮಗ್ಗುಲು ಬದಲಿಸಿದರು. ಆ ಓಟಿಗೆ ರಿಪಬ್ಲಿಕನ್ ಪಕ್ಷ ಬಲೆ ಬೀಸಿದ್ದು ನಿಜವೋ ಸುಳ್ಳೋ ಅಂತ ಮಗ ವಾದ ಮಾಡಿದರೆ ಒಂದು ವಿಷಯ ಹೇಳಿ. 2005ರಲ್ಲಿ ಆ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಕೆನ್ ಮೆಲ್‌ಮನ್ ಕಪ್ಪು ಜನರ ಹಳೆಯ ಸಂಘಟನೆ ಎನ್‌ಎಎಸಿಪಿಯ ಸಭೆಗೇ ಹೋಗಿ, ಜನಾಂಗದ ಹೆಸರಲ್ಲಿ ಒಡಕು ಮಾಡಿ ಲಾಭ ಪಡೆಯಲು ನಮ್ಮವರು ನೋಡಿದರು, ಅದು ತಪ್ಪು ಅಂತ ಒಪ್ಪಿಕೊಂಡರು. ತಮ್ಮ ಪಕ್ಷದ ಅಧ್ಯಕ್ಷರೇ ಒಪ್ಪಿದ್ದನ್ನು ಮಗ ಯಾಕೆ ಹೊತ್ತುಕೊಂಡು ತಿರುಗಬೇಕು?

ಹಾಗಂತ ಪಕ್ಷದ ಹೆಸರು ಹಿಡಿದು ನೂರಾರು ವರ್ಷದ ಪಾಪ-ಪುಣ್ಯ ಎಣಿಸುವುದು ಇಬ್ಬರಿಗೂ ದಂಡ. ಹೆಸರು ಅದೇ, ಒಳಗಿನ ಜನ ಬೇರೆ.

ಈಗ ಐಡೆಂಟಿಟಿ ಪಾಲಿಟಿಕ್ಸ್. ನಮ್ಮ ಪತ್ರಿಕೆಗಳಲ್ಲಿ ಅಸ್ಮಿತೆಯ ರಾಜಕಾರಣ ಅಂತ ಬರೆಯುತ್ತಾರೆ. ಇವತ್ತು ಇದು ಬೈಗುಳ. ಹುಟ್ಟಿದಾಗ ಹಾಗಿರಲಿಲ್ಲ. 1977ರಲ್ಲಿ ಬಾಸ್ಟನ್‌ನ ಕಾಂಬಾಹೀ ರಿವರ್ ಕಲೆಕ್ಟಿವ್ ಅನ್ನುವ ಕಪ್ಪು ಮಹಿಳೆಯರ ಗುಂಪೊಂದು ತನ್ನ ಹೇಳಿಕೆಯಲ್ಲಿ ಈ ಪದ ಬಳಸಿತು. ಕಪ್ಪು ಜನರ ಚಳವಳಿಯಲ್ಲಿ ಗಂಡಸರ ಮಾತು, ಹೆಂಗಸರ ಚಳವಳಿಯಲ್ಲಿ ಬಿಳಿ ಹೆಂಗಸರ ಮಾತು, ನಮ್ಮ ಕಷ್ಟ ಹೇಳೋರು ಯಾರು, ನಾವೇ ಹೇಳಬೇಕು. ಇಷ್ಟೇ ಅವರ ವಾದ. ಇದರಲ್ಲಿ ತಪ್ಪೇನಿದೆ?

ತಪ್ಪು ಶುರುವಾಗುವುದು ‘ನನ್ನ ಕಷ್ಟ ನಾನು ಹೇಳುತ್ತೇನೆ’ ಅನ್ನುವುದು ‘ನೀನು ಇಂಥವನು, ಆದ್ದರಿಂದ ನಿನ್ನ ಓಟು ನನ್ನದು’ ಅಂತ ಆದಾಗ. 2020ರ ಮೇ ತಿಂಗಳಲ್ಲಿ ಬೈಡನ್ ಒಂದು ರೇಡಿಯೊ ಸಂದರ್ಶನದಲ್ಲಿ, ನನಗೋ ಟ್ರಂಪ್‌ಗೋ ಅಂತ ಇನ್ನೂ ಅನುಮಾನ ಇದ್ದರೆ ನೀವು ಕಪ್ಪು ಜನಾಂಗದವರೇ ಅಲ್ಲ ಅನ್ನುವ ಅರ್ಥದ ಮಾತಾಡಿದರು. ಅದೇ ದಿನ ತಪ್ಪಾಯಿತು ಅಂದರು. ಆದರೆ ಆ ಮಾತು ಬಂದದ್ದೇ ಅಂಥ ಲೆಕ್ಕಾಚಾರದಿಂದ. ಅಂಥ ಲೆಕ್ಕ ಎಷ್ಟು ಸಡಿಲ ಅನ್ನುವುದು 2024ರಲ್ಲಿ ಗೊತ್ತಾಯಿತು. ಟೆಕ್ಸಾಸ್‌ನ ಮೆಕ್ಸಿಕೊ ಗಡಿಯಲ್ಲಿ ಸ್ಟಾರ್ ಕೌಂಟಿ ಅಂತ ಇದೆ. ಅಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಜನ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರು. ನೂರು ವರ್ಷಕ್ಕೂ ಹೆಚ್ಚು ಕಾಲ ಡೆಮಾಕ್ರಟ್‌ಗೇ ಓಟು ಹಾಕಿದ ಊರು. ಆ ಸಲ ಟ್ರಂಪ್‌ಗೆ ಹಾಕಿತು. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ಕಾಲೇಜು ಪ್ರವೇಶ, ಸರ್ಕಾರಿ ಕೆಲಸದಲ್ಲಿ ಜನಾಂಗವನ್ನು ಮತ್ತೆ ಪರಿಗಣಿಸಬಹುದಾ ಅಂತ ಜನಮತ ಕೇಳಿದರು. ಬೈಡನ್‌ಗೆ ಭರ್ಜರಿ ಬಹುಮತ ಕೊಟ್ಟ ಅದೇ ಜನ, ಅದೇ ದಿನ, ಇದಕ್ಕೆ ಸುಮಾರು 57 ಶೇಕಡಾ ಮತದಿಂದ ಬೇಡ ಅಂದರು.

ಮಗ ಇದನ್ನೆಲ್ಲ ಕೇಳಿ ಖುಷಿಪಡುವ ಮೊದಲು ಇನ್ನೊಂದು ಲೆಕ್ಕ ಕೊಡಿ. 2016, 2020, 2024, ಮೂರು ಸಲವೂ ಬಿಳಿ ಇವಾಂಜೆಲಿಕಲ್ ಕ್ರೈಸ್ತರಲ್ಲಿ (ಬೈಬಲ್ ಮಾತನ್ನೇ ಗಟ್ಟಿಯಾಗಿ ಹಿಡಿಯುವ ಪ್ರಾಟೆಸ್ಟೆಂಟರು) ಹತ್ತರಲ್ಲಿ ಸುಮಾರು ಎಂಟು ಮಂದಿ ಟ್ರಂಪ್‌ಗೆ ಹಾಕಿದ್ದಾರೆ. ಅವರನ್ನು ಒಂದು ಗುಂಪಾಗಿ ಹಿಡಿದಿಡಲು ಪಕ್ಷ ಮಾಡುವ ಕೆಲಸಕ್ಕೆ ಏನು ಹೆಸರು? ‘ಕ್ರೈಸ್ತರ ಮೇಲೆ ದಾಳಿ ಆಗುತ್ತಿದೆ, ನಿಮ್ಮ ಪರ ನಾನೊಬ್ಬನೇ’ ಅನ್ನುವುದೂ ಅಸ್ಮಿತೆಯ ರಾಜಕಾರಣವೇ. ಸಂಖ್ಯೆ ಜಾಸ್ತಿ ಇದ್ದವರ ಅಸ್ಮಿತೆ ಗಾಳಿ ಇದ್ದ ಹಾಗೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಈ ವಿಷಯದಲ್ಲಿ ನಮ್ಮ ಕಡೆಯವರೊಬ್ಬರ ಕಥೆ ಇದೆ. ಶ್ರೀ ಥಾಣೇದಾರ್. ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಅಮೆರಿಕಕ್ಕೆ ಓದಲು ಹೋಗಿ, ವ್ಯಾಪಾರ ಮಾಡಿ, 2022ರಲ್ಲಿ ಮಿಷಿಗನ್‌ನಿಂದ ಡೆಮಾಕ್ರಟ್ ಆಗಿ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಗೆದ್ದರು. ಕ್ಷೇತ್ರದಲ್ಲಿ ಡೆಟ್ರಾಯಿಟ್ ಇದೆ, ಅದು ಕಪ್ಪು ಜನರೇ ಹೆಚ್ಚಿರುವ ನಗರ. ಪಕ್ಷದೊಳಗಿನ ಚುನಾವಣೆಯಲ್ಲಿ ಹಲವು ಕಪ್ಪು ಅಭ್ಯರ್ಥಿಗಳು ನಿಂತು ಓಟು ಹಂಚಿಹೋಯಿತು, ಇವರು ಗೆದ್ದರು. 1950ರ ದಶಕದಿಂದ ಆ ಊರಿಗೆ ಕಾಂಗ್ರೆಸ್‌ನಲ್ಲಿ ಕಪ್ಪು ಪ್ರತಿನಿಧಿ ಇಲ್ಲದೆ ಇರಲೇ ಇಲ್ಲ. ಅದು ಅವತ್ತಿಗೆ ಮುಗಿಯಿತು. ಊರಲ್ಲಿ ಬೇಸರ ಆಯಿತು. ಇದು ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಸೊಸೆಯನ್ನು ಕೇಳಿ. ವಲಸೆ ಬಂದ ಕಂದು ಬಣ್ಣದವನು ಗೆದ್ದದ್ದಕ್ಕೆ ಚಪ್ಪಾಳೆ ತಟ್ಟಬೇಕೋ, ಎಪ್ಪತ್ತು ವರ್ಷ ಇದ್ದ ದನಿ ಹೋದದ್ದಕ್ಕೆ ಮರುಗಬೇಕೋ? ನನ್ನ ಕೇಳಿದರೆ ಎರಡೂ. ಆದರೆ ಪಕ್ಷದ ಘೋಷಣೆಯಲ್ಲಿ ‘ಎರಡೂ’ ಅನ್ನುವ ಪದ ಹಿಡಿಸುವುದಿಲ್ಲ.

ಧರ್ಮಕ್ಕೆ ಬರೋಣ. ಅಮೆರಿಕದ ಸಂವಿಧಾನದ ಆರನೆಯ ವಿಧಿಯಲ್ಲೇ ಬರೆದಿದೆ, ಯಾವ ಸರ್ಕಾರಿ ಹುದ್ದೆಗೂ ಧರ್ಮದ ಪರೀಕ್ಷೆ ಇಡಬಾರದು ಅಂತ. ಕಾಗದದ ಮೇಲೆ ಇಲ್ಲದ ಪರೀಕ್ಷೆಯನ್ನು ಜನ ಮನಸ್ಸಿನಲ್ಲಿ ಇಡುತ್ತಾ ಬಂದಿದ್ದಾರೆ. ಮೊದಲು ಅದು ಕ್ಯಾಥೊಲಿಕ್ಕರಿಗೆ. 1928ರಲ್ಲಿ ಆಲ್ ಸ್ಮಿತ್ ಅಧ್ಯಕ್ಷ ಪದವಿಗೆ ನಿಂತಾಗ, ಈ ಮನುಷ್ಯ ಗೆದ್ದರೆ ಪೋಪ್ ಹೇಳಿದಂತೆ ಕೇಳುತ್ತಾನೆ ಅಂದರು. 1960ರಲ್ಲಿ ಕೆನಡಿ ಹ್ಯೂಸ್ಟನ್‌ಗೆ ಹೋಗಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು, ನನ್ನ ಧರ್ಮ ನನ್ನ ಸ್ವಂತದ್ದು, ಆಡಳಿತಕ್ಕೆ ತರುವುದಿಲ್ಲ ಅಂತ ಸಮಜಾಯಿಷಿ ಕೊಡಬೇಕಾಯಿತು. 2020ರಲ್ಲಿ ಏಮಿ ಬ್ಯಾರೆಟ್ ಸುಪ್ರೀಂ ಕೋರ್ಟ್ ಸೇರಿದಾಗ ಅಲ್ಲಿ ಒಂಬತ್ತರಲ್ಲಿ ಆರು ಮಂದಿ ಕ್ಯಾಥೊಲಿಕ್ಕರೇ ಇದ್ದರು. ಅಂದರೆ ಪೂರ್ವಗ್ರಹಕ್ಕೂ ವಯಸ್ಸಾಗುತ್ತದೆ, ಅದೂ ಸಾಯುತ್ತದೆ.

ಪೂರ್ತಿ ಸತ್ತಿಲ್ಲ ಅನ್ನಿ. ಅದೇ ಬ್ಯಾರೆಟ್‌ರನ್ನು 2017ರಲ್ಲಿ ಕೆಳಗಿನ ಕೋರ್ಟಿಗೆ ನೇಮಿಸುವಾಗ ಡೆಮಾಕ್ರಟ್ ಸೆನೆಟರ್ ಡಯಾನ್ ಫೈನ್‌ಸ್ಟೈನ್, ನಿಮ್ಮೊಳಗೆ ಧರ್ಮದ ಕಟ್ಟುನಿಟ್ಟು ಗಟ್ಟಿಯಾಗಿಯೇ ಮಾತಾಡುತ್ತದೆ ಅನ್ನುವ ಅರ್ಥದಲ್ಲಿ ಕುಟುಕಿದರು. ಮರುವರ್ಷ ಇನ್ನೊಬ್ಬ ನ್ಯಾಯಾಧೀಶ ಅಭ್ಯರ್ಥಿಗೆ ಡೆಮಾಕ್ರಟ್ ಸೆನೆಟರುಗಳಾದ ಕಮಲಾ ಹ್ಯಾರಿಸ್ ಮತ್ತು ಮೇಜಿ ಹಿರೋನೊ ‘ನೈಟ್ಸ್ ಆಫ್ ಕೊಲಂಬಸ್’ ಅನ್ನುವ ಕ್ಯಾಥೊಲಿಕ್ ಸಂಘದ ಸದಸ್ಯತ್ವದ ಬಗ್ಗೆ ಪ್ರಶ್ನೆ ಕಳಿಸಿದರು. ಹಿರೋನೊ ಅಂತೂ ಸದಸ್ಯತ್ವ ಬಿಡುತ್ತೀರಾ ಅಂತಲೇ ಕೇಳಿದರು. ಅದು ಲಕ್ಷಾಂತರ ಸಾಮಾನ್ಯ ಸದಸ್ಯರಿರುವ ದಾನಧರ್ಮದ ಸಂಘ. ಗರ್ಭಪಾತದ ಬಗ್ಗೆ ಅದರ ನಿಲುವು ಅವರಿಗೆ ಹಿಡಿಸಿರಲಿಲ್ಲ. ಆ ಜಾಗದಲ್ಲಿ ಒಂದು ಮಸೀದಿ ಕಮಿಟಿ ಇದ್ದು, ಪ್ರಶ್ನೆ ಕೇಳಿದವರು ರಿಪಬ್ಲಿಕನ್ ಆಗಿದ್ದರೆ ಸೊಸೆ ಏನು ಅನ್ನುತ್ತಿದ್ದಳು? ನಾನು ಇದನ್ನು ಹೆಸರು ಬದಲಿಸಿ ನೋಡುವ ಆಟ ಅನ್ನುತ್ತೇನೆ.

ಆಟವನ್ನು ಮಗನಿಗೂ ಆಡಿಸಿ. 2006ರಲ್ಲಿ ಕಾಂಗ್ರೆಸ್‌ಗೆ ಮೊದಲ ಮುಸ್ಲಿಂ ಸದಸ್ಯ ಕೀತ್ ಎಲಿಸನ್ ಆಯ್ಕೆಯಾದರು. ಕುರಾನ್ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತೇನೆ ಅಂದಾಗ, ವಲಸೆ ಬಿಗಿ ಮಾಡದಿದ್ದರೆ ಇಂಥವರು ಇನ್ನೂ ಬರುತ್ತಾರೆ ಅಂತ ವರ್ಜೀನಿಯಾದ ರಿಪಬ್ಲಿಕನ್ ಸದಸ್ಯ ವರ್ಜಿಲ್ ಗೂಡ್ ಪತ್ರ ಬರೆದರು. ಎಲಿಸನ್ ಹುಟ್ಟಿದ್ದೇ ಡೆಟ್ರಾಯಿಟ್‌ನಲ್ಲಿ! ಅವರು ಪ್ರಮಾಣಕ್ಕೆ ಆರಿಸಿಕೊಂಡ ಕುರಾನ್ ಪ್ರತಿ ಥಾಮಸ್ ಜೆಫರ್ಸನ್ ಇಟ್ಟುಕೊಂಡಿದ್ದದ್ದು. ಜೆಫರ್ಸನ್ ಕೂಡ ವರ್ಜೀನಿಯಾದವರೇ. ಇಷ್ಟು ಮೆತ್ತಗೆ ಕೊಟ್ಟ ಉತ್ತರ ರಾಜಕೀಯದಲ್ಲಿ ಅಪರೂಪ. 2015ರ ಡಿಸೆಂಬರ್‌ನಲ್ಲಿ ಟ್ರಂಪ್, ಮುಸ್ಲಿಮರು ದೇಶದೊಳಗೆ ಬರುವುದನ್ನೇ ಪೂರ್ತಿ ನಿಲ್ಲಿಸಬೇಕು ಅಂದರು. 2017ರ ಜನವರಿಯಲ್ಲಿ ಏಳು ದೇಶಗಳ ಮೇಲೆ ಆದೇಶ ಬಂತು. ತಿದ್ದಿ ತಿದ್ದಿ ಮೂರನೆಯ ಸಲ ಬರೆದದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಒಪ್ಪಿತು. 2021ರಲ್ಲಿ ಬೈಡನ್ ಬಂದ ದಿನವೇ ರದ್ದು ಮಾಡಿದರು. ‘ಮುಸ್ಲಿಂ’ ಜಾಗದಲ್ಲಿ ‘ಹಿಂದೂ’ ಅಂತ ಹಾಕಿ ಮಗ ಆ 2015ರ ಹೇಳಿಕೆಯನ್ನು ಒಮ್ಮೆ ಜೋರಾಗಿ ಓದಲಿ.

ಯಹೂದಿಗಳ ವಿಷಯದಲ್ಲೂ ಇದೇ ಕಥೆ. 2018ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ 11 ಜನರನ್ನು ಕೊಂದವನು ವಲಸಿಗರನ್ನೂ ಯಹೂದಿಗಳನ್ನೂ ದ್ವೇಷಿಸುತ್ತಿದ್ದ ಬಿಳಿಯ. ಆಗ ಎಡದವರು, ಅಂದರೆ ಸೊಸೆಯ ಕಡೆಯವರು, ಯಹೂದಿ ದ್ವೇಷದ ಬಗ್ಗೆ ಗಟ್ಟಿಯಾಗಿ ಮಾತಾಡಿದರು. 2023ರ ಡಿಸೆಂಬರ್‌ನಲ್ಲಿ ಹಾರ್ವರ್ಡ್, ಪೆನ್, ಎಂಐಟಿ ಮೂರು ವಿಶ್ವವಿದ್ಯಾಲಯಗಳ ಮುಖ್ಯಸ್ಥೆಯರನ್ನು ಕಾಂಗ್ರೆಸ್ ಸಮಿತಿ ಕೂರಿಸಿ, ಯಹೂದಿಗಳ ನರಮೇಧ ಆಗಲಿ ಅನ್ನುವುದು ನಿಮ್ಮ ನಿಯಮಕ್ಕೆ ವಿರುದ್ಧವೋ ಅಂತ ಕೇಳಿತು. ಸಂದರ್ಭ ನೋಡಬೇಕು ಅನ್ನುವ ಧಾಟಿಯ ಉತ್ತರ ಬಂತು. ಆಗ ಗಟ್ಟಿಯಾಗಿ ಮಾತಾಡಿದವರು ಬಲದವರು. ಅದೇ ಬಲದ ನಾಯಕ ಟ್ರಂಪ್ 2022ರ ನವೆಂಬರ್‌ನಲ್ಲಿ ತಮ್ಮ ಮಾರ್-ಎ-ಲಾಗೊ ಬಂಗಲೆಯಲ್ಲಿ ಯಹೂದಿ ದ್ವೇಷಕ್ಕೇ ಹೆಸರಾದ ನಿಕ್ ಫುಯೆಂಟಿಸ್ ಕೂತಿದ್ದ ಪಂಕ್ತಿಯಲ್ಲಿ ಊಟ ಮಾಡಿದ್ದರು. ಯಾರೆಂದು ಗೊತ್ತಿರಲಿಲ್ಲ ಅಂದರು. ತನ್ನೆಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸಿದರಂತೆ. ಈ ಗಾದೆಯನ್ನು ಸೊಸೆಯ ಮುಂದೆ ಹೇಳುವಾಗ ಮಾತ್ರ ಎಚ್ಚರ. ಡೆಮಾಕ್ರಟರ ಗುರುತೇ ಕತ್ತೆ.

ಧರ್ಮದ ಓಟೂ ಯಾರ ಜೇಬಿನಲ್ಲೂ ಇರುವುದಿಲ್ಲ. ಡೆಟ್ರಾಯಿಟ್ ಹೊಟ್ಟೆಯೊಳಗೆ ಹ್ಯಾಮ್‌ಟ್ರಾಮಿಕ್ ಅಂತ ಪುಟ್ಟ ಊರು. 2015ರಲ್ಲಿ ಅಲ್ಲಿನ ನಗರಸಭೆಗೆ ಮುಸ್ಲಿಂ ಬಹುಮತ ಬಂದಾಗ ಉದಾರವಾದಿಗಳಿಗೆ ಸಂಭ್ರಮ. 2023ರಲ್ಲಿ, ಆ ಹೊತ್ತಿಗೆ ಪೂರ್ತಿ ಮುಸ್ಲಿಮರದ್ದೇ ಆಗಿದ್ದ ನಗರಸಭೆ, ಸರ್ಕಾರಿ ಜಾಗದಲ್ಲಿ ಸಲಿಂಗಿಗಳ ಕಾಮನಬಿಲ್ಲಿನ ಬಾವುಟ ಹಾರಿಸಬಾರದು ಅಂತ ನಿರ್ಣಯ ಮಾಡಿತು. ಸಂಭ್ರಮ ಪಟ್ಟವರ ಮುಖ ನೋಡಬೇಕಿತ್ತು. ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ಅರಬ್ ಮೂಲದವರೇ ಜಾಸ್ತಿ. ಗಾಜಾ ಯುದ್ಧದ ಸಿಟ್ಟಿನಲ್ಲಿ 2024ರಲ್ಲಿ ಅಲ್ಲಿ ಮೊದಲ ಸ್ಥಾನ ಟ್ರಂಪ್‌ಗೆ ಸಿಕ್ಕಿತು. ಹೌದು, ಅದೇ ಆದೇಶದ ಟ್ರಂಪ್‌ಗೆ.

ನಮ್ಮವರ ಜಾಗ ಕೇಳಿದಿರಿ. ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆದೀತು.

1920, 1930, 1940ರ ಅಮೆರಿಕದ ಜನಗಣತಿಯಲ್ಲಿ ‘ಹಿಂದೂ’ ಅನ್ನುವುದು ಒಂದು ಜನಾಂಗ! ಭಾರತದಿಂದ ಹೋದ ಸಿಖ್ಖನೂ ಹಿಂದೂ, ಮುಸ್ಲಿಮನೂ ಹಿಂದೂ. ಅಂಥ ಒಬ್ಬ ಸಿಖ್ ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಪೇಟ ಕಟ್ಟಿಕೊಂಡೇ ಇದ್ದವರು. ಆಗ ಪೌರತ್ವ ‘ಬಿಳಿಯರಿಗೆ’ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ. 1922ರ ನವೆಂಬರ್‌ನಲ್ಲಿ ಜಪಾನಿನಿಂದ ಬಂದು ಪೌರತ್ವ ಕೇಳಿದ್ದ ಒಜಾವಾ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಬಿಳಿಯ ಅಂದರೆ ಬರೀ ಚರ್ಮದ ಬಣ್ಣ ಅಲ್ಲ, ಕಕೇಶಿಯನ್ ಜನಾಂಗ ಅಂತ. ಸರಿ, ಜನಾಂಗಶಾಸ್ತ್ರದ ಪಂಡಿತರು ಉತ್ತರ ಭಾರತದವರನ್ನೂ ಕಕೇಶಿಯನ್ ಅನ್ನುತ್ತಾರಲ್ಲ, ನನಗೆ ಕೊಡಿ ಅಂದರು ಥಿಂಡ್. ಮೂರೇ ತಿಂಗಳು. 1923ರ ಫೆಬ್ರುವರಿಯಲ್ಲಿ ಅದೇ ನ್ಯಾಯಮೂರ್ತಿ ಸದರ್ಲೆಂಡ್ ಬರೆದರು, ಪಂಡಿತರ ಮಾತು ಬೇಡ, ಬಿಳಿಯ ಅಂದರೆ ಸಾಮಾನ್ಯ ಜನ ಯಾರನ್ನು ಅನ್ನುತ್ತಾರೋ ಅವರು. ಥಿಂಡ್ ಸೋತರು. ಮೊದಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರದ್ದೂ ಕಿತ್ತುಕೊಂಡರು. ಹೆಚ್ಚು ಜನ ಹೇಳದ ಒಂದು ವಿಷಯ: ಥಿಂಡ್ ಪರ ವಾದದಲ್ಲಿ, ಅಮೆರಿಕದ ಬಿಳಿಯರು ಕಪ್ಪು ಜನರ ಜೊತೆ ಹೇಗೆ ಮದುವೆ ಸಂಬಂಧ ಮಾಡುವುದಿಲ್ಲವೋ ಹಾಗೇ ಭಾರತದ ಮೇಲ್ಜಾತಿಯವರು ಅಲ್ಲಿನ ಆದಿವಾಸಿಗಳನ್ನು ಸೇರಿಸುವುದಿಲ್ಲ ಅನ್ನುವ ಮಾತೂ ಇತ್ತು. ಬಾಗಿಲು ತೆರೆಸಲು ತೋರಿಸಿದ ಯೋಗ್ಯತೆ ಅದು!

ಬಾಗಿಲು 1946ರಲ್ಲಿ ಒಂದು ಬಿರುಕಿನಷ್ಟು ತೆರೆಯಿತು, ವರ್ಷಕ್ಕೆ 100 ಜನ. ಸರಿಯಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಹಿಂದಿನ ವರ್ಷ ನಾಗರಿಕ ಹಕ್ಕು ಕಾನೂನು, ಅದೇ ವರ್ಷ ಮತದಾನದ ಹಕ್ಕು ಕಾನೂನು. ಕಪ್ಪು ಜನ ಬೀದಿಯಲ್ಲಿ ಪೊಲೀಸ್ ನಾಯಿ ಕೈಲಿ ಕಚ್ಚಿಸಿಕೊಂಡು ಮಾಡಿದ ಹೋರಾಟದ ಬಿಸಿ ಇರುವಾಗಲೇ, ದೇಶ ನೋಡಿ ಕೋಟಾ ಇಡುವುದು ತಪ್ಪು ಅನ್ನುವ ಮಾತೂ ಗೆದ್ದಿತು. ನಿಮ್ಮ ಮಗನ ವೀಸಾದ ಬೇರು ಅಲ್ಲಿದೆ. ‘ಅವರಿಗೂ ನಮಗೂ ಏನು ಸಂಬಂಧ’ ಅಂತ ಅವನು ಅಂದರೆ ಇದನ್ನು ಹೇಳಲೇಬೇಕು.

ಹಾಗಂತ ಬಣ್ಣ ಎಣಿಸುತ್ತಾರೆ ಅನ್ನುವ ಅವನ ದೂರು ಪೊಳ್ಳಲ್ಲ. ಪ್ರವೇಶ ಕೊಡುವಾಗ ಜನಾಂಗ ನೋಡುತ್ತಾರೆ ಅಂತ ಹಾರ್ವರ್ಡ್ ಮೇಲೆ ಹಾಕಿದ ಕೇಸಿನ ವಿಚಾರಣೆಯಲ್ಲಿ ಏಷ್ಯನ್ ಮೂಲದ ಮಕ್ಕಳಿಗೆ ‘ವ್ಯಕ್ತಿತ್ವ’ದ ಅಂಕ ಸರಾಸರಿ ಕಡಿಮೆ ಬೀಳುತ್ತಿದ್ದದ್ದು ಬಯಲಾಯಿತು. ಬೇಕಂತಲೇ ಮಾಡಿದ್ದಲ್ಲ ಅಂದಿತು ಕೆಳಗಿನ ಕೋರ್ಟ್. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಪ್ರವೇಶ ಕೊಡುವುದನ್ನೇ ನಿಲ್ಲಿಸಿತು. ನಮ್ಮ ಮೀಸಲಾತಿಯಂತೆ ಸೀಟು ಎಣಿಸಿ ಇಡುವುದು ಅಲ್ಲಿ 1978ರಲ್ಲೇ ನಿಂತಿತ್ತು, ಅದನ್ನು ಬೆರೆಸಬೇಡಿ. ಇಲ್ಲಿ ಗಮನಿಸಿ, ಮಗ ಆ ಅಂಕಗಳನ್ನು ಅನ್ಯಾಯ ಅನ್ನುವಾಗ ಯಾರ ದ್ವೇಷವನ್ನೂ ತೋರಿಸುವುದಿಲ್ಲ. ಫಲಿತಾಂಶದ ಲೆಕ್ಕ ತೋರಿಸುತ್ತಾನೆ. ಅದು ಸೊಸೆಯ ವ್ಯಾಖ್ಯಾನ!

ಜಾತಿಯ ವಿಷಯದಲ್ಲಂತೂ ನಮ್ಮವರು ಇನ್ನೂ ಚೆನ್ನಾಗಿ ಸಿಕ್ಕಿಬಿದ್ದರು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿಭೇದವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲಿ ಅಂಥದೇ ಮಸೂದೆ ಎರಡೂ ಮನೆ ದಾಟಿತು, ಈಗಿರುವ ಕಾನೂನೇ ಸಾಕು ಅಂತ ಗವರ್ನರ್ ನ್ಯೂಸಮ್ ಅಕ್ಟೋಬರ್‌ನಲ್ಲಿ ಸಹಿ ಹಾಕಲಿಲ್ಲ. ದಲಿತ ಸಂಘಟನೆಗಳು ಆಫೀಸಿನಲ್ಲಿ ಅನುಭವಿಸಿದ್ದನ್ನು ಹೇಳಿದವು. ಹಲವು ಹಿಂದೂ ಸಂಘಟನೆಗಳು, ಇದು ನಮ್ಮೆಲ್ಲರನ್ನೂ ಗುಮಾನಿಯಿಂದ ನೋಡುವಂತೆ ಮಾಡುತ್ತದೆ ಅಂದವು. ‘ನಮ್ಮ ಮಕ್ಕಳಿಗೆ ಅಪರಾಧಿ ಭಾವನೆ ಹುಟ್ಟಿಸುತ್ತೀರಿ’ ಅಂತ ಗುಲಾಮಗಿರಿಯ ಪಾಠದ ವಿರುದ್ಧ ಬಿಳಿ ತಂದೆತಾಯಿಗಳು ಶಾಲೆಗಳಲ್ಲಿ ಆಡುವ ಮಾತಿಗೂ ಇದಕ್ಕೂ ಎಷ್ಟು ವ್ಯತ್ಯಾಸ? ಅಲ್ಲಿ ಬಿಳಿಯರ ಜಾಗದಲ್ಲಿ ನಿಂತು ಮಾತಾಡುವ ಅವಕಾಶ ನಮ್ಮವರಿಗೆ ಸಿಗುವುದು ಅಪರೂಪ. ನನ್ನ ಅಭಿಪ್ರಾಯ ಕೇಳಿದರೆ, ಜಾತಿ ಸಮುದ್ರ ದಾಟುತ್ತದೆ. ಮದುವೆ ಜಾಹೀರಾತು ಓದಿದವರಿಗೆ ಸಾಕ್ಷಿ ಬೇಕಿಲ್ಲ.

ಹಿಂದೂ ದ್ವೇಷ ಅನ್ನುವುದು ಸುಮ್ನೆ ಕಟ್ಟಿದ್ದು ಅಂತಲೂ ತಿಳಿಯಬೇಡಿ. 2007ರಲ್ಲಿ ಸೆನೆಟ್‌ನಲ್ಲಿ ಮೊದಲ ಹಿಂದೂ ಪ್ರಾರ್ಥನೆ ನಡೆಯುವಾಗ ಗ್ಯಾಲರಿಯಿಂದ ಕ್ರೈಸ್ತ ಪ್ರತಿಭಟನಕಾರರು ಕೂಗಾಡಿದರು. ಟೆಕ್ಸಾಸ್‌ನ ಶುಗರ್ ಲ್ಯಾಂಡ್‌ನಲ್ಲಿ 90 ಅಡಿಯ ಹನುಮಂತನ ವಿಗ್ರಹ ನೋಡಿ, ಇಂಥ ಸುಳ್ಳು ದೇವರು ಇಲ್ಲಿ ಯಾಕೆ ಅಂತ 2025ರಲ್ಲಿ ಬರೆದದ್ದು ರಿಪಬ್ಲಿಕನ್ ಪಕ್ಷದಿಂದ ಸೆನೆಟ್‌ಗೆ ನಿಲ್ಲಲು ಹೊರಟಿದ್ದವರೊಬ್ಬರು. ಭಾರತೀಯ ಮೂಲದ ಹಿಂದೂ ವಿವೇಕ್ ರಾಮಸ್ವಾಮಿ ಆ ಪಕ್ಷದ ನೆಚ್ಚಿನ ಮಾತುಗಾರ, ಅಧ್ಯಕ್ಷ ಪದವಿಗೆ ಪಕ್ಷದ ಟಿಕೆಟ್ ಕೇಳಿದ್ದವರು. ನೀವು ಹೇಳಿದ್ದರಲ್ಲಿ ಬಹಳಷ್ಟು ಒಪ್ಪುತ್ತೇನೆ, ಆದರೆ ನೀವು ಇಂಡಿಯನ್, ಓಟು ಹಾಕುತ್ತಿರಲಿಲ್ಲ ಅಂತ ಬಲಪಂಥದ ಲೇಖಕಿ ಆ್ಯನ್ ಕೋಲ್ಟರ್ 2024ರಲ್ಲಿ ಅವರ ಎದುರೇ ಹೇಳಿದರು. ಇದು ಭೇದ ಅಲ್ಲ, ಶುದ್ಧ ದ್ವೇಷ, ಮಗನದೇ ವ್ಯಾಖ್ಯಾನದ ಪ್ರಕಾರ.

ಇನ್ನು ಫಾರಂ. 1970ರ ಜನಗಣತಿಯಲ್ಲಿ ನಮ್ಮವರನ್ನು ಬಿಳಿಯರ ಜೊತೆ ಸೇರಿಸಿ ಎಣಿಸಿದ್ದರು. ನಮ್ಮವರ ಸಂಘಟನೆಗಳೇ ಕೇಳಿ 1980ರಿಂದ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಮಾಡಿಸಿದವು. ಅಂದರೆ ಒಂದೇ ನೂರು ವರ್ಷದೊಳಗೆ ನಾವು ಹಿಂದೂ ಜನಾಂಗ ಆದೆವು, ಬಿಳಿಯರಾದೆವು, ಏಷ್ಯನ್ ಆದೆವು, ಮುಖ ಮಾತ್ರ ಅದೇ. ಕಾಲಂ ಮೇಲೆ ನಿಮ್ಮ ಮಗನಿಗೆ ಗೌರವ ಇಲ್ಲದಿದ್ದರೆ ತಪ್ಪೇನಿಲ್ಲ. ಆದರೆ ಖಾಲಿ ಬಿಟ್ಟರೆ ಅದು ಖಾಲಿ ಉಳಿಯುವುದಿಲ್ಲ. ಕೇಂದ್ರ ಶಿಕ್ಷಣ ಇಲಾಖೆಯ 2007ರ ಮಾರ್ಗಸೂಚಿ ಪ್ರಕಾರ ತಂದೆತಾಯಿ ತುಂಬದಿದ್ದರೆ ಶಾಲೆಯವರೇ ಮಗುವಿನ ಮುಖ ನೋಡಿ ತುಂಬಬೇಕು. ನ್ಯಾಯಮೂರ್ತಿ ಸದರ್ಲೆಂಡ್ ಹೇಳಿದ ಆ ಸಾಮಾನ್ಯ ಮನುಷ್ಯನ ಕಣ್ಣು ಈಗ ಆಫೀಸ್ ಗುಮಾಸ್ತೆಯದು. ಅದಕ್ಕಿಂತ ಮಗುವಿನ ಅಪ್ಪ ಅಮ್ಮನೇ ತುಂಬುವುದು ವಾಸಿ.

ಫಾರಂ ಹಳೆಯ ಮಾದರಿಯದಾದರೆ ಮೊದಲು ‘ಹಿಸ್ಪಾನಿಕ್ ಹೌದೋ ಅಲ್ಲವೋ’ ಅಂತ ಇರುತ್ತದೆ, ಅಲ್ಲ ಅನ್ನಿ. ಆಮೇಲೆ ‘ಏಷ್ಯನ್’ಗೆ ಟಿಕ್ ಹಾಕಿ. ಅದೇ ಸಾಲಿನಲ್ಲಿ ‘ಅಮೆರಿಕನ್ ಇಂಡಿಯನ್’ ಅಂತಲೂ ಒಂದು ಚೌಕ ಇರುತ್ತದೆ. ಹೊಸದಾಗಿ ಪೌರತ್ವ ಸಿಕ್ಕ ಖುಷಿಯಲ್ಲಿ ನಮ್ಮವರು ಅದಕ್ಕೇ ಟಿಕ್ ಹಾಕಿಬಿಡುವುದುಂಟು. ಅದು ಆ ನೆಲದ ಮೂಲನಿವಾಸಿಗಳ ಚೌಕ.